ಕುರಿ ನಿಲ್ಲಿಸಿದ ಹೊಲಗಳು

"ನಾ ಕೈ ಎತ್ತೀನಿ ನೋಡು. ಕಾಣ್ತದೇನು?"

ಫೋನಿನಲ್ಲಿ ಅವ್ವನ ದನಿ ಕೇಳಿ ಚಂದ್ರಕಲಾಗೆ ಮೊದಲು ಏನೂ ತಿಳಿಯಲಿಲ್ಲ. ನಂಬರು ಯಾರದೋ. ಹಿಂದೆ ಗ್ಲಾಸು ತೊಳೆಯುವ ಸದ್ದು, ಬಸ್ಸಿನ ಹಾರ್ನು. ಬೆಳಿಗ್ಗೆ ತಾನು ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಟಾಗ ಯರಗೇರಾದ ಬಾಡಿಗೆ ಕೋಣೆಯಲ್ಲಿ ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಲಗಿದವಳನ್ನು ಎಬ್ಬಿಸುವುದು ಬೇಡವೆಂದು ಚಂದ್ರಕಲಾ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬಂದಿದ್ದಳು.

"ಯವ್ವಾ, ಎಲ್ಲಿದ್ದೀ ನೀ?"

"ಬಾಗಲವಾಡದಾಗ. ಬಸ್ ನಿಲ್ಲೋ ಕಡಿ ಚಾದಂಗಡಿ ಅದಲಾ, ಅದರ ಮುಂದ ಬಯಲಾಗ ನಿಂತೀನಿ. ಹಸರ ಸೀರಿ ಉಟ್ಟೀನಿ. ನಿನ್ನ ಕಂಪ್ಯೂಟರ್ ನೋಡಿ ಹೇಳು, ನಿಮ್ಮಪ್ಪನ ಹಟ್ಟಿಗಿ ಯಾ ಕಡಿ ನಡೀಬೇಕು? ರೊಟ್ಟಿ ತಂದೀನಿ. ಬದ್ನಿಕಾಯಿ ಪಲ್ಯ ಹಳಸ್ತದ, ಲಗೂ ಹೇಳು."

ಚಂದ್ರಕಲಾ ಫೋನು ಹಿಡಿದುಕೊಂಡೇ ಕುರ್ಚಿಯಿಂದ ಎದ್ದಳು.

"ಅದು, ಈಗ ಕಾಣೂದಿಲ್ಲ ಯವ್ವಾ. ಮೋಡ ಅದ."

"ಎಲ್ಲಿ ಮೋಡ? ಇಲ್ಲಿ ಬಿಸಲಿಗಿ ತಲಿ ಸುಡಾಕತ್ತದ."

"ನೀ ಮೊದಲು ನೆರಳಿಗಿ ಹೋಗು. ಚಾದಂಗಡ್ಯಾಗ ಕೂಡು. ಎಲ್ಲೂ ಹೋಗಬ್ಯಾಡ, ನಾನೇ ಬರ್ತೀನಿ."

"ನೀ ಯಾಕ ಕೆಲಸ ಬಿಟ್ಟು ಬರ್ತಿ? ಹೇಳಿದ್ರ ಸಾಕು, ನಡಕೋತ ಹೋಗ್ತೀನಿ," ಎಂದು ಗೊಣಗಿ ಅವ್ವ ಫೋನಿಟ್ಟಳು.

ಸುಳ್ಳು ಹೇಳುವುದರಲ್ಲಿ ಚಂದ್ರಕಲಾ ಮೊದಲಿನಿಂದಲೂ ದಡ್ಡಿ. ಚಿಕ್ಕವಳಿದ್ದಾಗ ಬೆಲ್ಲ ಕದ್ದು ತಿಂದರೆ ಬಾಯಿ ಒರೆಸಿಕೊಳ್ಳುವುದನ್ನೇ ಮರೆಯುತ್ತಿದ್ದ ಹುಡುಗಿ ಅವಳು. ಅಂಥವಳು ಹೇಳಿದ ಈ ಒಂದು ಸುಳ್ಳು ಮಾತ್ರ, ದೇವರ ದಯೆಯೋ ಶಾಪವೋ, ಚೆನ್ನಾಗಿ ನಿಂತುಬಿಟ್ಟಿತ್ತು.

ಅವಳದು ಉಪಗ್ರಹದ ಚಿತ್ರ ನೋಡುವ ಕೆಲಸ. ಯರಗೇರಾದ ವಿಶ್ವವಿದ್ಯಾಲಯದ ಒಂದು ಕೋಣೆಯಲ್ಲಿ ನಡೆಯುತ್ತಿದ್ದ ಯೋಜನೆ ಅದು. ಕೃಷ್ಣೆ ಉಕ್ಕಿ ಯಾವ ಹೊಲಕ್ಕೆ ನುಗ್ಗಿದೆ, ಮಳೆ ಕೈಕೊಟ್ಟು ಎಲ್ಲಿ ಬೆಳೆ ಬಿಳಿಚಿದೆ, ಕಾಲುವೆ ನೀರು ಹೆಚ್ಚಾಗಿ ಎಲ್ಲಿ ನೆಲ ಸವಳಾಗುತ್ತಿದೆ, ಕೊಯ್ಲಾದ ಮೇಲೆ ಎಲ್ಲಿ ಭತ್ತದ ಕೂಳೆಗೆ ಬೆಂಕಿ ಇಟ್ಟಿದ್ದಾರೆ, ಇವನ್ನೆಲ್ಲ ಆಕಾಶದಿಂದ ಬಂದ ಚಿತ್ರದಲ್ಲಿ ಗುರುತು ಹಾಕಿ ವರದಿ ಬರೆಯಬೇಕು. ಅಪ್ಪ ಪರಮಣ್ಣನದು ನೆಲದ ಮೇಲಿನ ಕೆಲಸ. ದೇವದುರ್ಗದ ಕಡೆಯ ಕುರಿಗಾರ. ಮಾನ್ವಿ ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿಯುತ್ತಲೇ ಕುರಿ ಹೊಡೆದುಕೊಂಡು ಬರುತ್ತಾನೆ. ಹಗಲು ಕೂಳೆಯಲ್ಲಿ ಮೇಯಿಸಿ, ರಾತ್ರಿ ಯಾರಾದರೂ ರೈತರ ಹೊಲದಲ್ಲಿ ಬಲೆ ಕಟ್ಟಿ ಹಟ್ಟಿ ಹಾಕಿ ಕುರಿ ನಿಲ್ಲಿಸುತ್ತಾನೆ. ಕುರಿಯ ಹಿಕ್ಕಿ, ಗಂಜಲ ಬಿದ್ದ ನೆಲಕ್ಕೆ ಬೇರೆ ಗೊಬ್ಬರ ಬೇಡ. ಹಾಗಾಗಿ ರೈತರೇ ಕರೆದು ನಿಲ್ಲಿಸಿಕೊಳ್ಳುತ್ತಾರೆ.

ಮದುವೆಯಾದ ವರ್ಷದಿಂದ ಅವ್ವ ಭೀಮವ್ವನೂ ಅವನ ಜೊತೆ ನಡೆದವಳೇ. ಈ ವರ್ಷ ಮಾತ್ರ ಆಗಲಿಲ್ಲ. ಒಂದೇ ಸಮನೆ ರಕ್ತ ಹೋಗುತ್ತಿತ್ತು. ಗಂಡನಿಗೆ "ಸೊಂಟ ಹಿಡದದ" ಎಂದಷ್ಟೇ ಹೇಳಿ ಮಗಳ ಕೋಣೆಗೆ ಬಂದುಬಿಟ್ಟಳು. ರಾಯಚೂರಿನ ಡಾಕ್ಟರು ನೋಡಿ, ಗರ್ಭಚೀಲ ತೆಗೆಯಲೇಬೇಕು, ಗಡ್ಡೆಯ ಲಕ್ಷಣ ಚೆನ್ನಾಗಿಲ್ಲ, ತಡ ಮಾಡಬೇಡಿ ಎಂದರು. ಬರುವ ಸೋಮವಾರ ಆಪರೇಷನ್. ಭೀಮವ್ವನದು ಒಂದೇ ಹಟ: "ನಿಮ್ಮಪ್ಪಗ ಹೇಳದ ನಾ ಆ ಮಂಚ ಹತ್ತೂದಿಲ್ಲ."

ಹೇಳೋಣವೆಂದರೆ ಅಪ್ಪನ ಫೋನು ಸತ್ತು ಕೂತಿತ್ತು. ಕೊನೆಯ ಸಲ ಮಾತಾಡಿದಾಗ ಗಂಡ ಹೆಂಡಿರಿಬ್ಬರಿಗೂ ಜಗಳವಾಗಿತ್ತು. ಕುರಿ ಮಾರಿ ಬಂದುಬಿಡು ಎಂದು ಅವ್ವ, ಮಾರುವುದಾದರೆ ನನ್ನನ್ನೇ ಮಾರು ಎಂದು ಅವನು. ಆಮೇಲೆ ಎಷ್ಟು ಸಲ ಹಚ್ಚಿದರೂ ಸ್ವಿಚ್ ಆಫ್. ಭೀಮವ್ವ ರಾತ್ರಿಯೆಲ್ಲ ಎದ್ದು ಕೂರತೊಡಗಿದಳು. ಒಂದು ಸಂಜೆ ಮಗಳ ಮುಖ ನೋಡಿ ಕೇಳಿದಳು: "ಊರ ಮಂದಿ ಹೊಲ ಎಲ್ಲಾ ಮ್ಯಾಲಿಂದ ನೋಡ್ತೀಯಲಾ, ನಿಮ್ಮಪ್ಪ ಒಬ್ಬ ಕಾಣೂದಿಲ್ಲೇನು?"

"ಕಾಣ್ತಾನ," ಎಂದಿದ್ದಳು ಚಂದ್ರಕಲಾ. ಬಾಯಿಗೆ ಬಂದದ್ದು ಅದೇ.

ಅಂದಿನಿಂದ ದಿನಾ ಸಂಜೆ ಅವಳು ಅಪ್ಪನ ಸುದ್ದಿ ತರಬೇಕಾಯಿತು. ಇವತ್ತು ಕವಿತಾಳದ ಹತ್ತಿರ ಇದ್ದ. ಒಲೆಯ ಹೊಗೆ ಕಂಡಿತು, ಅಡುಗೆ ಮಾಡುತ್ತಿದ್ದಿರಬೇಕು. ಕಾಲು ಕುಂಟುತ್ತಿದ್ದನೇ ಎಂದರೆ, ಇಲ್ಲ, ನೆಟ್ಟಗೆ ನಡೆಯುತ್ತಿದ್ದ. ಅಷ್ಟು ಕೇಳಿದರೆ ಸಾಕು, ಭೀಮವ್ವ ಎರಡು ತುತ್ತು ಹೆಚ್ಚು ಉಂಡು ಮಗುವಿನಂತೆ ನಿದ್ದೆ ಹೋಗುತ್ತಿದ್ದಳು. ನಿನ್ನೆಯ ಸುದ್ದಿ ಬಾಗಲವಾಡದ್ದು. ಆ ಊರಿನ ಹೆಸರು ಯಾಕೆ ನಾಲಿಗೆಗೆ ಬಂತೋ ಚಂದ್ರಕಲಾಗೇ ತಿಳಿಯದು. ನಿಜ ಹೇಳಬೇಕೆಂದರೆ ಅವಳ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ಒಂದು ದೊಡ್ಡ ಮನೆಯಷ್ಟು ಜಾಗ. ಅದರಲ್ಲಿ ಪರಮಣ್ಣ ಮಲಗಿದರೂ ಕಾಣ, ಎದ್ದು ಕುಣಿದರೂ ಕಾಣ.

"ಮಾರಿ ಯಾಕ ಹಂಗಾಗ್ಯದ?" ಪಕ್ಕದ ಕುರ್ಚಿಯ ಉಮ್ಮೇ ಕುಲ್ಸುಮ್ ಕೇಳಿದಳು. ವಯಸ್ಸಿನಲ್ಲೂ ಕೆಲಸದಲ್ಲೂ ಹಿರಿಯಳು. ಚಂದ್ರಕಲಾ ಅವಳನ್ನು ಆಪಾ ಅನ್ನುತ್ತಿದ್ದಳು.

ಎಲ್ಲ ಕೇಳಿದ ಮೇಲೆ ಕುಲ್ಸುಮ್ ನಗುತ್ತಾಳೆಂದುಕೊಂಡಿದ್ದಳು. ಅವಳು ನಗಲಿಲ್ಲ. "ನಾನೂ ನಮ್ಮ ಅಮ್ಮೀಗಿ ಇಂಥವು ರಗಡ ಹೇಳೀನಿ. ಆದ್ರ ನಮ್ಮ ಅಮ್ಮೀ ಬಸ್ ಹತ್ತಿ ಹೋಗ್ಲಿಲ್ಲ ನೋಡು. ಚಿಂತಿ ಬಿಡು, ಬಾಗಲವಾಡದ ಚಿತ್ರ ತೆಗಿ. ಖರೇನೇ ಹುಡುಕೋಣು."

ಕಳೆದ ವಾರದ ಚಿತ್ರ ತೆರೆದುಕೊಂಡಿತು. ಬಾಗಲವಾಡದ ಸುತ್ತ ಹೊಲಗಳೆಲ್ಲ ಕಪ್ಪಗಿದ್ದವು. ಈಗೆಲ್ಲ ಕೊಯ್ಲಿಗೆ ಮಶೀನು. ಮಶೀನು ಬಿಟ್ಟುಹೋದ ಹುಲ್ಲಿಗೆ ರೈತರು ಕಡ್ಡಿ ಗೀರುತ್ತಾರೆ. ಸುಟ್ಟ ನೆಲದಲ್ಲಿ ಕುರಿಗೆ ಒಂದು ಎಸಳೂ ಸಿಗುವುದಿಲ್ಲ. ಅಂದರೆ ಅಪ್ಪ ಎಲ್ಲಿ ಖಂಡಿತ ಇರುವುದಿಲ್ಲವೋ ಅದೇ ಊರಿಗೆ ಅವ್ವನನ್ನು ಕಳಿಸಿಯಾಗಿತ್ತು.

"ಮಳಿಗಾಲದ್ದೂ ತೆಗೀತೀನಿ ತಡಿ, ಹೊಲದ ಗಡಿ ಸಾಫ್ ಕಾಣ್ತಾವ," ಎನ್ನುತ್ತ ಕುಲ್ಸುಮ್ ಇನ್ನೊಂದು ಚಿತ್ರ ತೆರೆದಳು. ಭತ್ತ ಎದೆಯುದ್ದ ಬೆಳೆದಿದ್ದಾಗ, ಮೋಡ ಸರಿದ ಒಂದು ದಿನ ಸಿಕ್ಕ ಚಿತ್ರ. ಹಸಿರಿನ ನಡುವೆ ಅಲ್ಲಲ್ಲಿ ಕೆಲವು ಹೊಲಗಳು ಕಪ್ಪು ಎನ್ನುವಷ್ಟು ದಟ್ಟ ಹಸಿರು. ಅವಕ್ಕೆಲ್ಲ ಗೆರೆ ಹಾಕಿ ಪಕ್ಕದಲ್ಲಿ "ಯೂರಿಯಾ ಅತಿಯಾಗಿ ಬಳಸಿದ ಹೊಲಗಳು" ಎಂದು ಬರೆದವಳು ಚಂದ್ರಕಲಾಳೇ. ವರದಿಯೂ ಹೋಗಿತ್ತು.

ಅವಳು ಆ ಗೆರೆಗಳನ್ನೇ ನೋಡುತ್ತ ಕೂತಳು. ದಟ್ಟ ಹಸಿರಿನ ಹೊಲಗಳು ಬೇಕಾಬಿಟ್ಟಿ ಚೆಲ್ಲಿಕೊಂಡಿರಲಿಲ್ಲ. ಕವಿತಾಳದ ಕಡೆಯಿಂದ ಹೊರಟು, ಕಾಲುವೆ ಹಿಡಿದು, ಒಂದು ಊರು ದಾಟಿ ಇನ್ನೊಂದಕ್ಕೆ ಸಾಲಾಗಿ ಹೋಗಿದ್ದವು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಕುರಿ ಮೇಯುತ್ತ ಒಂದು ಹಗಲಿಗೆ ನಡೆಯುವಷ್ಟು ದೂರ. ಹೋದ ಚಳಿಗಾಲದಲ್ಲಿ ಹಿಕ್ಕಿ ಬಿದ್ದ ನೆಲ ಮಳೆಗಾಲದಲ್ಲಿ ಹೀಗೆ ತೋರಿಸಿಕೊಂಡಿತ್ತು. ಕುರಿಗಾರನ ಮಗಳಾಗಿ ಇಷ್ಟು ದಿನ ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. 

"ಇದು ಯೂರಿಯಾ ಅಲ್ಲ ಆಪಾ," ಎಂದಳು. "ಇದು ನಮ್ಮಪ್ಪ."

ಕುಲ್ಸುಮ್ ಆ ಸಾಲಿನ ಮೇಲೆ ಒಮ್ಮೆ ಬೆರಳಾಡಿಸಿ, "ವರದಿ ಆಮ್ಯಾಲ ತಿದ್ದೂಣು. ಎರಡೂ ಚಿತ್ರ ನಿನ್ನ ಫೋನಿಗಿ ಹಾಕ್ತೀನಿ, ನೀ ಹೊಂಡು," ಎಂದಳು.

ರಾಯಚೂರಿಗೆ ಬಂದು ಬಸ್ಸು ಹಿಡಿದ ಮೇಲೆ ಚಂದ್ರಕಲಾಗೆ ಹೊಸ ಚಿಂತೆ ಹತ್ತಿತು. ಮಾನ್ವಿ ಸೀಮೆಗೆ ಬರುವುದು ಅಪ್ಪನ ಕುರಿ ಒಂದೇ ಏನು? ಲಿಂಗಸೂಗೂರಿನ ಕಡೆಯಿಂದಲೂ ಹಿಂಡುಗಳು ಬರುತ್ತವೆ. ಫೋನಿನಲ್ಲಿ ಚಿತ್ರ ಹಿಗ್ಗಿಸಿ ನೋಡಿದಳು. ಸಾಲು ನಡುವೆ ಎರಡಾಗಿ ಒಡೆದಿತ್ತು. ಯಾವುದು ಅಪ್ಪನದು, ಯಾವುದು ಇನ್ಯಾರದೋ, ಚಿತ್ರ ಹೇಳುವುದಿಲ್ಲ. ಕವಿತಾಳದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತುವ ಹೊತ್ತಿಗೆ, ಅಪ್ಪನನ್ನು ಹುಡುಕುವುದಕ್ಕಿಂತ ಅವ್ವನ ಮುಂದೆ ಸುಳ್ಳನ್ನು ಒಪ್ಪಿಕೊಳ್ಳುವುದೇ ದೊಡ್ಡದಾಗಿ ಕಾಣತೊಡಗಿತ್ತು.

ಬಾಗಲವಾಡದ ಚಹಾದಂಗಡಿ ದಾವಲ್ ಬೀಯದು. ಅವ್ವನ ಚೀಟಿಯಲ್ಲಿದ್ದ ನಂಬರಿಗೆ ಫೋನು ಹಚ್ಚಿಕೊಟ್ಟವಳೂ ಅವಳೇ. ಬೆಂಚಿನ ಮೇಲೆ ಭೀಮವ್ವ ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು, ನೆಂಟರ ಮನೆಗೆ ಬಂದವಳ ಹಾಗೆ ಕೂತಿದ್ದಳು. ಮುಖ ಬಿಳಿಚಿತ್ತು, ಆದರೆ ಕಣ್ಣಿನಲ್ಲಿ ಗೆಲುವು. ಅಂಗಡಿಗೆ ಬಂದವರಿಗೆಲ್ಲ ಮಗಳ ಕೆಲಸದ ವಿಷಯ ಹೇಳಿಯಾಗಿತ್ತು. ಮುದುಕನೊಬ್ಬ ಎದ್ದು ನಿಂತು, "ಮೇಡಂ, ನಮ್ಮದೊಂದು ಎಮ್ಮಿ ಮೊನ್ನಿಲಿಂದ ಕಾಣವಲ್ದು. ಒಂದೀಟು ನೋಡ್ತೀರೇನ್ರೀ?" ಎಂದು ಕೇಳಿಯೇಬಿಟ್ಟ.

"ಬರ್ರಿ, ಕೂಡ್ರಿ," ಎಂದಳು ದಾವಲ್ ಬೀ. "ನಿಮ್ಮವ್ವ ಒಂದು ತುತ್ತು ಮುಟ್ಟಿಲ್ಲ ನೋಡ್ರಿ. ಗಂಡನ ಜೋಡಿ ಉಣ್ತಾಳಂತ."

ಚಂದ್ರಕಲಾ ಅವ್ವನನ್ನು ಅಂಗಡಿಯ ಹಿಂದಿನ ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋದಳು. ಸುತ್ತು ಬಳಸುವುದು ಅವಳಿಗೆ ಬರುತ್ತಿರಲಿಲ್ಲ.

"ಯವ್ವಾ, ನಾ ಸುಳ್ಳು ಹೇಳೀನಿ. ಮ್ಯಾಲಿಂದ ಮನಷ್ಯಾರು ಕಾಣೂದಿಲ್ಲ. ಅಪ್ಪ ಒಂದು ದಿನಾನೂ ಕಂಡಿಲ್ಲ."

ಭೀಮವ್ವ ಅವಳನ್ನೇ ನೋಡಿದಳು. "ಒಲಿ ಹೊಗಿ?"

"ಕಂಡಿಲ್ಲ."

"ನೆಟ್ಟಗ ನಡ್ಯಾಕತ್ತಾನ ಅಂದಿದ್ದಿ."

"ನೀ ಮಲಗಲಿ ಅಂತ ಹೇಳಿದ್ನಿ."

ಭೀಮವ್ವ ಗಂಟಿನ ಮೇಲೆ ಕೈಯಿಟ್ಟು ಗಿಡದ ಬುಡದಲ್ಲಿ ಕೂತುಬಿಟ್ಟಳು. ತುಸು ಹೊತ್ತಿನ ಮೇಲೆ, "ಹಂಗಾರ ಅಂವ ಇದ್ದಾನೋ ಇಲ್ಲೋ ಅನ್ನೂದು ಸೈತ ನಮಗ ಗೊತ್ತಿಲ್ಲ," ಎಂದಳು. ಬೈದಿದ್ದರೆ ಚಂದ್ರಕಲಾ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಅವಳ ಕಣ್ಣಲ್ಲಿ ನೀರು ಬಂತು, ನಿಲ್ಲಲಿಲ್ಲ. ಅವ್ವ ಸಮಾಧಾನ ಮಾಡಲೂ ಇಲ್ಲ, ಬೇರೆ ಕಡೆ ಮುಖ ತಿರುಗಿಸಲೂ ಇಲ್ಲ. ಮಗಳ ಅಳು ಒಂದು ಹದಕ್ಕೆ ಬರುವವರೆಗೆ ಕಾದಳು.

"ಕಣ್ಣು ಒರಸ್ಕೋ. ಮಂದಿ ನೋಡಾಕತ್ತಾರ. ಮತ್ತ ಏನು ಕಾಣ್ತದ ಅದರಾಗ?"

"ಹೊಲ ಕಾಣ್ತಾವ. ಹೋದ ವರ್ಷ ನೀವು ಕುರಿ ನಿಲ್ಲಿಸಿದ ಹೊಲ."

"ತೋರಸು."

ಚಂದ್ರಕಲಾ ಮಳೆಗಾಲದ ಚಿತ್ರ ತೆಗೆದು ತೋರಿಸಿದಳು. ಇದು ಕಾಲುವೆ, ಇದು ಕವಿತಾಳದ ರಸ್ತೆ, ಇದು ನಾವು ಕೂತಿರುವ ಊರು. ಮೊದಮೊದಲು ಭೀಮವ್ವ ಫೋನನ್ನು ಅತ್ತ ಇತ್ತ ತಿರುಗಿಸಿ ಕಣ್ಣು ಕಿರಿದು ಮಾಡಿದಳು. ಕಾಲುವೆಯ ತಿರುವು ಗುರುತು ಸಿಕ್ಕಿದ ಮೇಲೆ ಅವಳ ಬೆರಳು ತಾನೇ ನಡೆಯಿತು.

"ಇದು ಅಮರಗುಂಡಪ್ಪನ ಹೊಲ. ಇಲ್ಲಿ ಬಲಿ ಹರಕೊಂಡು ಕುರಿ ಎಲ್ಲಾ ನೆಲ್ಲಿನ ರಾಶಿಗಿ ಬಿದ್ದಿದ್ವು. ನಿಮ್ಮಪ್ಪನ ಬೈಗಳ ಕೇಳಬೇಕಿತ್ತು ನೀ. ಇದು ನಮ್ಮದಲ್ಲ, ಲಿಂಗಸೂಗೂರವರು ನಿಲ್ಲಿಸಿದ್ರು. ಇದು ನಮ್ಮದು. ಇಲ್ಲಿ ಅಕಾಲ ಮಳಿ ಬಂತು. ನಾನೂ ಅಂವನೂ ಒಂದೇ ತಾಡಪಾಲ ಹೊಚಗೊಂಡು ಕುಂತಿದ್ವಿ, ಮರಿ ನಡುವ ಇಟಗೊಂಡು." ಅವಳ ಬೆರಳು ನಿಂತಿತು. "ಕುರಿ ಹಿಕ್ಕಿ ಹಾಕಿದ್ದು ಸೈತ ಆಕಾಶಕ್ಕ ಕಾಣ್ತದೇನು? ಇದಾದ್ರೂ ಖರೇನೋ, ಇದೂ ಸುಳ್ಳೋ?"

"ಖರೇ, ಯವ್ವಾ."

"ಹಂಗಾರ ಕಾಣ್ತೀವಿ ಅಂದಂಗಾತು," ಎಂದಳು ಭೀಮವ್ವ. ಮಗಳ ಮೇಲಿನ ಸಿಟ್ಟು ಆ ಮಾತಿನಲ್ಲಿ ಅರ್ಧ ಇಳಿದಿತ್ತು.

ಆಮೇಲೆ ಕಳೆದ ವಾರದ ಚಿತ್ರ. ಅವ್ವ ಹೇಳಿದ ಹೊಲಗಳನ್ನು ಚಂದ್ರಕಲಾ ಒಂದೊಂದಾಗಿ ಹುಡುಕಿದಳು. ಅಮರಗುಂಡಪ್ಪನದು ಸುಟ್ಟಿತ್ತು. ಮಳೆ ಬಂದ ಹೊಲ ಸುಟ್ಟಿತ್ತು. ಮುಂದಿನದೂ ಕಪ್ಪು, ಅದರಾಚೆಯದೂ ಕಪ್ಪು. ಕಾಲುವೆಯ ಎರಡನೆಯ ತಿರುವಿನಲ್ಲಿ ಮಾತ್ರ ಒಂದು ತುಣುಕು ತಿಳಿ ಹಳದಿಯಾಗಿ ಉಳಿದಿತ್ತು. ಅವಳು ಅದನ್ನು ಹಿಗ್ಗಿಸಿ ಅವ್ವನ ಮುಂದೆ ಹಿಡಿದಳು.

"ಇದು ಸುಟ್ಟಿಲ್ಲ ನೋಡು. ಯಾರದಿದು?"

"ಸೂಗಮ್ಮನದು," ಭೀಮವ್ವ ಎದ್ದೇ ನಿಂತಳು. "ಆಕಿ ಮಶೀನು ಹೊಲಕ್ಕ ಬಿಡಂಗಿಲ್ಲ. ಆಳು ಹಚ್ಚಿ ಕೊಯ್ಸ್ತಾಳ, ದನಕ್ಕ ಹುಲ್ಲು ಬೇಕಂತ. ಸುತ್ತಾ ಸುಟ್ಟಿದ್ರ ಅಂವ ಮತ್ತೆಲ್ಲಿಗಿ ಹೋದಾನು? ನಡಿ."

"ಇರಲಿಲ್ಲಂದ್ರ?"

"ಇರಲಿಲ್ಲಂದ್ರ ಸೂಗಮ್ಮನ್ನ ಕೇಳೂಣು. ನಡಿ ಅಂದ್ನಿಲ್ಲೇನು?"

ಗೂಡ್ಸ್ ಆಟೋದವನು ಕಾಲುವೆಯ ಮೊದಲ ತಿರುವಿನವರೆಗೆ ಬಿಟ್ಟ. ಅಲ್ಲಿಂದ ಮುಂದೆ ಏರಿಯ ಮೇಲೆ ನಡಿಗೆ. ಭೀಮವ್ವ ಸ್ವಲ್ಪ ನಡೆಯುವುದು, ಮಗಳ ಹೆಗಲು ಹಿಡಿದು ನಿಲ್ಲುವುದು, ಮತ್ತೆ ನಡೆಯುವುದು. ಎಡಕ್ಕೆ ಬಲಕ್ಕೆ ಸುಟ್ಟ ಹೊಲಗಳು. ಗಾಳಿ ಬೀಸಿದಾಗ ಬೂದಿ ಎದ್ದು ಹಸಿರು ಸೀರೆಯ ಅಂಚಿಗೆ ಮೆತ್ತುತ್ತಿತ್ತು. ಗಂಟನ್ನು ಮಗಳ ಕೈಗೆ ಕೊಡು ಎಂದರೆ ಕೊಡಲಿಲ್ಲ. ಅವ್ವನ ತುಟಿ ಒಣಗಿದ್ದನ್ನು ನೋಡಿ ಚಂದ್ರಕಲಾಗೆ ಭಯವಾಯಿತು. ಅಪ್ಪ ಅಲ್ಲಿ ಇಲ್ಲದೆ ಹೋದರೆ ಇವಳನ್ನು ಹಿಂದಕ್ಕೆ ನಡೆಸುವುದು ಹೇಗೆ, ಸೋಮವಾರ ಆಸ್ಪತ್ರೆಗೆ ಒಪ್ಪಿಸುವುದು ಹೇಗೆ ಎಂದು ಒಳಗೇ ಲೆಕ್ಕ ಹಾಕುತ್ತ ಹೆಜ್ಜೆ ಇಟ್ಟಳು.

ಎರಡನೆಯ ತಿರುವು ದಾಟಿದಾಗ ಹಳದಿ ಹೊಲ ಕಂಡಿತು. ಅದರ ತುಂಬ ಕುರಿ.

ಕೂಳೆಯ ನಡುವೆ ನಿಂತಿದ್ದ ಪರಮಣ್ಣ ಏರಿಯ ಕಡೆ ತಿರುಗಿದ. ಹೆಗಲ ಮೇಲೆ ಮಡಿಚಿದ ಕಂಬಳಿ, ಕೈಯಲ್ಲಿ ಕೋಲು. ಹೆಂಡತಿ ಎಂದು ಗುರುತಾದ ಮೇಲೆ ಅವನು ಕೋಲನ್ನು ಅಲ್ಲೇ ಬಿಸುಟು, ಕುರಿಗಳನ್ನು ಎರಡೂ ಕೈಯಿಂದ ಸರಿಸುತ್ತ ಬಂದ. ಜೊತೆಗಾರ ಮಲ್ಲೇಶ ಹಿಂದೆಯೇ ನಿಂತು ನೋಡಿದ.

"ಏನಾಗ್ಯದ?" ಅಪ್ಪನ ಮೊದಲ ಮಾತು.

"ಫೋನೆಲ್ಲಿ?" ಅವ್ವನ ಮೊದಲ ಮಾತು.

"ಕಾಲುವ್ಯಾಗ ಬಿತ್ತು. ನೀರು ಕುಡ್ಯಾಕ ಬಗ್ಗಿದ್ನಿ, ಕಿಸೇದಾಗಿಂದ ಜಾರ್ತು."

"ಮಲ್ಲೇಶನ ಫೋನ್ ಇರಲಿಲ್ಲೇನು?"

"ನಿಮ್ಮ ನಂಬರ ಎಲ್ಲಾ ಅದರಾಗೇ ಇದ್ವು. ನನಗ ಬಾಯಿಪಾಠ ಬರ್ತದೇನು?"

"ಸಿಟ್ಟಿಗಿ ಬಂದ್ ಮಾಡಿ ಇಟ್ಟೀದಿ ಅಂತ ತಿಳದಿದ್ನಿ."

"ನಿನ್ನ ಮ್ಯಾಲ ಸಿಟ್ಟು ಮಾಡಿ ನಾ ಎಲ್ಲಿಗಿ ಹೋಗಲಿ," ಎಂದ ಪರಮಣ್ಣ. ಮಗಳು ಪಕ್ಕದಲ್ಲಿದ್ದಾಳೆಂದು ಆಮೇಲೆ ನೆನಪಾಗಿ ಕುರಿಯ ಕಡೆ ನೋಡಿದ.

ಏರಿಯ ಇಳಿಜಾರಿನಲ್ಲೇ ಕೂತರು. ಹತ್ತಿರದಲ್ಲೆಲ್ಲೂ ಗಿಡವಿರಲಿಲ್ಲ. ಭೀಮವ್ವ ಗಂಟು ಬಿಚ್ಚಿ ಸಜ್ಜೆ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಮುಂದಿಟ್ಟಳು. ಪಲ್ಯ ಹಳಸಿರಲಿಲ್ಲ. ಪರಮಣ್ಣ ಒಂದು ತುತ್ತು ಮುರಿದವನು ಬಾಯಿಗಿಡದೆ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಹೇಳುವುದಕ್ಕೆಂದೇ ಇಷ್ಟು ದೂರ ಬಂದ ಭೀಮವ್ವನಿಗೆ ಈಗ ಮಾತು ಹೊರಡಲಿಲ್ಲ. ಚಂದ್ರಕಲಾಳೇ ಹೇಳಿದಳು. ರಕ್ತ ಹೋಗುತ್ತಿದ್ದದ್ದು, ಅವ್ವ ಸೊಂಟ ನೋವೆಂದು ಮುಚ್ಚಿಟ್ಟದ್ದು, ಗಡ್ಡೆ, ಡಾಕ್ಟರು ತಡ ಮಾಡಬೇಡಿ ಎಂದದ್ದು, ಸೋಮವಾರ. ನೀನು ಹೂಂ ಅನ್ನದೆ ಅವ್ವ ಮಂಚ ಹತ್ತುವುದಿಲ್ಲವಂತೆ, ಒಂದು ಮಾತು ಹೂಂ ಅಂದುಬಿಡು ಯಪ್ಪಾ ಎಂದು ಬೇಡಿಕೊಂಡಳು.

ಪರಮಣ್ಣ ಹೂಂ ಅನ್ನಲಿಲ್ಲ. ತುತ್ತನ್ನು ಮತ್ತೆ ರೊಟ್ಟಿಯ ಮೇಲಿಟ್ಟ. ಹೆಂಡತಿಯ ಕಡೆ ತಿರುಗಿ, ಕುರಿಮರಿಯನ್ನು ಮಾತಾಡಿಸುವ ಸಣ್ಣ ದನಿಯಲ್ಲಿ ಕೇಳಿದ:

"ಹೆದರಿಕಿ ಆಗ್ಯದೇನು?"

ಈ ಮಾತನ್ನು ಡಾಕ್ಟರು ಕೇಳಿದ್ದರು, ನರ್ಸು ಕೇಳಿದ್ದಳು. ಚಂದ್ರಕಲಾ ಹಾಸಿಗೆ ಹಾಸುವಾಗೆಲ್ಲ ಕೇಳಿದ್ದಳು. ಬಯಲಿನಲ್ಲಿ ತೋಳದಿಂದ ಕುರಿ ಕಾಯ್ದವಳಿಗೆ ಎಂಥ ಹೆದರಿಕೆ ಎಂದು ಎಲ್ಲರಿಗೂ ಒಂದೇ ಉತ್ತರ ಕೊಟ್ಟು ಕಳಿಸಿದ್ದಳು ಭೀಮವ್ವ.

"ಹೂಂ," ಎಂದಳು ಈಗ. "ಭಾಳ ಹೆದರಿಕಿ ಆಗ್ಯದ." ಹಾಗೆಂದವಳೇ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ಅವ್ವ ಅನುಮತಿ ಕೇಳಲು ಬಂದವಳಲ್ಲ ಎಂಬುದು ಚಂದ್ರಕಲಾಗೆ ಆಗ ತಿಳಿಯಿತು. ಅಪ್ಪನ ಒಪ್ಪಿಗೆ ಯಾಕೆ ಬೇಕೆಂದು ಇಷ್ಟು ದಿನ ತಾನು ಅವ್ವನ ಜೊತೆ ಜಗಳವಾಡಿದ್ದೆಲ್ಲ ನೆನಪಾಗಿ ಅವಳು ಕುರಿಗಳ ಕಡೆ ಮುಖ ಮಾಡಿ ಕೂತಳು.

"ನಾ ಬರ್ತೀನಿ," ಎಂದು ಅಪ್ಪ ಅನ್ನುವುದು ಹಿಂದಿನಿಂದ ಕೇಳಿಸಿತು. "ಕುರಿ ಮಲ್ಲೇಶ ನೋಡ್ಕೋತಾನ. ಆ ಬಾಗಲ ತನಕ ನಾನೇ ಬರ್ತೀನಿ, ಹೊರಗ ಕೂಡ್ತೀನಿ."

 ಸ್ವಲ್ಪ ಹೊತ್ತಿನ ಮೇಲೆ ಚಂದ್ರಕಲಾ ತಿರುಗಿ ನೋಡಿದಳು. ಇಳಿಹೊತ್ತಾದರೂ ಚುರುಕು ಬಿಸಿಲು ಇಳಿಜಾರಿನ ಮೇಲೆ ನೇರ ಬೀಳುತ್ತಿತ್ತು. ಅಂಥ ಬಿಸಿಲಿನಲ್ಲಿ ಅಪ್ಪ ಹೆಗಲ ಕಂಬಳಿ ಬಿಡಿಸಿ ಅವ್ವನ ಬೆನ್ನಿಗೆ, ಭುಜಕ್ಕೆ ಸುತ್ತಿ ಹೊದಿಸಿದ್ದ. ಹಣೆಯಿಂದ ಬೆವರು ಇಳಿಯುತ್ತಿದ್ದರೂ ಭೀಮವ್ವ ಅದನ್ನು ತೆಗೆಯದೆ, ಎರಡೂ ಅಂಚನ್ನು ಎದೆಯ ಹತ್ತಿರ ಸೇರಿಸಿ ಹಿಡಿದುಕೊಂಡು ಕೂತಿದ್ದಳು.